ಗೋಡೆಗೆ ಬೆಟ್ಟ, ಬೆಟ್ಟಕ್ಕೆ ಇಸವಿ

ಹತ್ತೊಂಬತ್ತನೇ ಶತಮಾನದ ಅಟ್ಲಾಸುಗಳಲ್ಲಿ ಒಂದು ಸೊಗಸಾದ ಪುಟ ಇರುತ್ತಿತ್ತು. ಬೇರೆ ಬೇರೆ ಖಂಡಗಳ ಪರ್ವತಗಳನ್ನು ಎತ್ತರದ ಪ್ರಕಾರ ಒತ್ತೊತ್ತಾಗಿ ನಿಲ್ಲಿಸಿ, ನದಿಗಳ ತಿರುವುಗಳನ್ನೆಲ್ಲ ನೆಟ್ಟಗೆ ಮಾಡಿ, ಒಣಹಾಕಿದ ಸೀರೆಗಳ ಹಾಗೆ ಸಾಲಾಗಿ ಇಳಿಬಿಟ್ಟ ಚಿತ್ರ ಅದು. ವಿದರ್ಭದ ಕಾಮಠಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಅಂಥದೊಂದರ ಪ್ರತಿ ಇದೆ.

ಈ ಚಾರ್ಟುಗಳ ವಯಸ್ಸನ್ನು ತುದಿಯಲ್ಲಿರುವ ಶಿಖರವೇ ಹೇಳುತ್ತದೆ. ದಕ್ಷಿಣ ಅಮೆರಿಕದ ಚಿಂಬೊರಾಜೊ ಎಲ್ಲಕ್ಕಿಂತ ಮೇಲಿದ್ದರೆ ಅದು ಶತಮಾನದ ಆರಂಭದ ತಿಳಿವಳಿಕೆ. ಧವಳಗಿರಿ ಇದ್ದರೆ ಆಮೇಲಿನದು. ಎವರೆಸ್ಟ್ ಇದ್ದರೆ 1856ರ ಈಚಿನದು; 29,002 ಅಡಿ ಎಂಬ ಅದರ ಎತ್ತರ ಪ್ರಕಟವಾದದ್ದು ಆ ವರ್ಷ. ರಾಧಾನಾಥ ಸಿಕ್ದರ್ ಅವರಂಥವರ ಲೆಕ್ಕಾಚಾರ ಅದರ ಹಿಂದಿದೆ. ಈ ಎತ್ತರವನ್ನು ಅಳೆದ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡದ್ದು ನಮ್ಮ ದಕ್ಷಿಣಕ್ಕಿರುವ ಹಿಂಗಣಘಾಟದಲ್ಲಿ, ಅಳತೆಯ ಕೆಲಸದಲ್ಲಿದ್ದಾಗಲೇ. ಎವರೆಸ್ಟಿನ ಎತ್ತರ ತಿಳಿಯುವ ದಾರಿ ವಿದರ್ಭದ ಈ ನೆಲವನ್ನು ಹಾದು ಹೋಗಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಇಂಥ ಚಾರ್ಟನ್ನು ಗೋಡೆಗೆ ಹಾಕಲು ಮೂಲಪ್ರತಿಯೇ ಬೇಕೆಂದಿಲ್ಲ. ಡೇವಿಡ್ ರಮ್ಸೀ ನಕ್ಷೆ ಸಂಗ್ರಹದಲ್ಲಿ ಇಂಥ ಪುಟಗಳ ಸ್ಪಷ್ಟ ಪ್ರತಿಗಳನ್ನು ಕಂಪ್ಯೂಟರಿನಲ್ಲೇ ನೋಡಬಹುದು. ಮುದ್ರಿಸುವಾಗ ಅಕ್ಷರ ಓದಲು ಬರುವಷ್ಟು ದೊಡ್ಡದಾಗಿರಲಿ; ಓದಲಾಗದ ಚಾರ್ಟ್ ಬರೀ ಬಣ್ಣದ ಕಾಗದ. ಬಟ್ಟೆಗೆ ಅಂಟಿಸಿ ಮೇಲೆ ಕೆಳಗೆ ಕೋಲು ಕೂಡಿಸಿದ ಹಳೆಯ ಶಾಲಾ ಭೂಪಟ ಸಿಕ್ಕರೆ ಅದನ್ನು ಕತ್ತರಿಸಿ ಕಟ್ಟು ಹಾಕಿಸಬೇಡಿ. ಕೋಲಿನ ಸಮೇತ ತೂಗುಹಾಕಿ.

ನಮ್ಮ ಕಡೆಯ ಬಿಸಿಲು ಕಾಗದಕ್ಕೆ ಶತ್ರು. ಕಿಟಕಿಯ ಎದುರಿನ ಗೋಡೆ ಬಿಟ್ಟು, ನೇರ ಬೆಳಕು ಬೀಳದ ಗೋಡೆ ಆರಿಸಿ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಇಡಿಸಿ. ಮಳೆಗಾಲದ ತೇವ ಏರದಂತೆ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಮಕ್ಕಳಿರುವ ಮನೆಯಲ್ಲಿ ತುಸು ಕೆಳಗೇ ತೂಗುಹಾಕಿ, ಬೆರಳಿಟ್ಟು ಓದಲಿ.

ನಮ್ಮ ಪಡಸಾಲೆಯ ಚಾರ್ಟಿನ ದೊಡ್ಡ ನದಿಗಳ ನಡುವೆ ನಮ್ಮೂರ ಕನ್ಹಾನ್ ಇಲ್ಲ. ಹಾಗಾಗಿ ಅದರ ಪಕ್ಕಕ್ಕೆ ನಾನೇ ಒಂದು ಪಟ್ಟಿ ಬರೆದು ಹಾಕಿದ್ದೇನೆ. ಕಾಮಠಿಯ ಬಳಿ ಪೇಂಚ್, ಕೋಲಾರ್ ನದಿಗಳನ್ನು ಕೂಡಿಸಿಕೊಳ್ಳುವ ಕನ್ಹಾನ್ ವೈನಗಂಗೆಗೆ, ಅದು ವರ್ಧೆಯೊಡನೆ ಸೇರಿ ಪ್ರಾಣಹಿತೆಯಾಗಿ ಗೋದಾವರಿಗೆ. ನಾನು ಬೀದರಿನವಳು. ನನ್ನ ತವರಿನ ಮಾಂಜ್ರಾ ಕೂಡ ಗೋದಾವರಿಯನ್ನೇ ಸೇರುತ್ತದೆ. ಎರಡು ಊರುಗಳ ನೀರು ಒಂದೇ ನದಿಯಲ್ಲಿ ಕೂಡುವುದನ್ನು ಆ ಪಟ್ಟಿ ಬರೆಯುವಾಗಲೇ ನಾನು ಸರಿಯಾಗಿ ಗಮನಿಸಿದ್ದು.

ನೀವೂ ಹಾಗೆ ಮಾಡಿ. ಚಾರ್ಟಿನ ಕೆಳಗೆ ಅದು ಅಚ್ಚಾದ ಇಸವಿ ಬರೆಯಿರಿ, ಪಕ್ಕದಲ್ಲಿ ನಿಮ್ಮೂರ ಹಳ್ಳ ಯಾವ ಹೊಳೆಯ ಮೂಲಕ ಕಡಲು ಸೇರುತ್ತದೆಂದು ಬರೆಯಿರಿ. ಆಗ ಮನೆಗೆ ಬಂದವರು ಅಂದ ನೋಡಿ ಸುಮ್ಮನಾಗುವುದಿಲ್ಲ, ತಮ್ಮೂರ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುತ್ತಾರೆ.