ಅಗ್ಗದ ರೈಫಲ್ಲಿನ ನೆಚ್ಚಿಕೆ ಮತ್ತು ಗುರಿ

ರೈಫಲ್ಲನ್ನು ಕೊಳ್ಳಹೋಗುವವನು ಕೇಳಬೇಕಾದ ಪ್ರಶ್ನೆಗಳು ಎರಡು. ಕುದುರೆಯನ್ನು ಎಳೆದಾಗಲೆಲ್ಲ ಅದು ತಪ್ಪದೆ ಸಿಡಿಯುವುದೆ? ಸಿಡಿದ ಗುಂಡು ನೆಟ್ಟ ಗುರಿಗೆ ಹೋಗಿ ತಾಕುವುದೆ? ಮೊದಲನೆಯ ಗುಣವನ್ನು ನೆಚ್ಚಿಕೆ ಎಂತಲೂ ಎರಡನೆಯದನ್ನು ನಿಖರತೆ ಎಂತಲೂ ಕರೆಯೋಣ. ಬೆಲೆ ಇಳಿದಾಗ ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಸಡಿಲಾಗಿ ಜೋಡಿಸಿದ ಕೋವಿ ಧೂಳು ಕೆಸರಿನಲ್ಲಿಯೂ ನಡೆಯುತ್ತದೆ, ಬಿಗಿಯಾಗಿ ಜೋಡಿಸಿದ್ದು ಗುರಿಯನ್ನು ಹೊಡೆಯುತ್ತದೆ, ಎರಡೂ ಬೇಕೆನ್ನುವವನು ಹಣವನ್ನು ಚೆಲ್ಲಬೇಕು ಎಂಬುದು ಅದರ ತಾತ್ಪರ್ಯ. ಈ ಮಾತು ಅರ್ಧ ನಿಜ. ಉಳಿದರ್ಧವನ್ನು ನಾವು ಈಗ ವಿಚಾರಿಸಬೇಕಾಗಿದೆ.

ನಮ್ಮ ವಿಷಯ ಅರೆ-ಸ್ವಯಂಚಾಲಿತ ರೈಫಲ್ಲು. ಎಂದರೆ, ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡನ್ನು ಹಾರಿಸಿ, ಖಾಲಿ ತೋಟಾವನ್ನು ತಾನೇ ಹೊರಕ್ಕೆಸೆದು, ಹೊಸದನ್ನು ತಾನೇ ತುಂಬಿಕೊಳ್ಳುವ ಆಯುಧ. ನಮ್ಮ ಪೊಲೀಸರ ಹೆಗಲ ಮೇಲೆ ಕಂಡಿರುವ ಎಸ್.ಎಲ್.ಆರ್. ಈ ಜಾತಿಯದೇ. ಆದರೆ ಇಂಥವನ್ನು ಸಾಮಾನ್ಯ ಜನರು ಅಂಗಡಿಯಲ್ಲಿ ಬೆಲೆ ಕೇಳಿ ಕೊಳ್ಳುವ ದೇಶ ಮುಖ್ಯವಾಗಿ ಅಮೆರಿಕ. ಆದುದರಿಂದ ನಮ್ಮ ಉದಾಹರಣೆಗಳೂ ಆ ಪೇಟೆಯವೇ.

ಯಂತ್ರದ ಕೆಲಸ ಹೀಗೆ: ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ನಳಿಗೆಯೊಳಗೆ ತಳ್ಳಿಕೊಂಡು ಹೋಗುತ್ತದೆ. ನಳಿಗೆಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿದೆ. ಗುಂಡು ಅದನ್ನು ದಾಟಿದೊಡನೆ ಸ್ವಲ್ಪ ಅನಿಲ ಅಲ್ಲಿ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಆ ನೂಕಿಗೆ ಬೋಲ್ಟಿನ ಬೀಗ ಬಿಚ್ಚಿ, ಖಾಲಿ ತೋಟಾ ಹೊರಬೀಳುತ್ತದೆ. ಬಳಿಕ ಸ್ಪ್ರಿಂಗು ಬೋಲ್ಟನ್ನು ಮತ್ತೆ ಮುಂದಕ್ಕೆ ಒಯ್ಯುತ್ತದೆ. ಅನಿಲ ಸಾಲದಿದ್ದರೆ ಕೋವಿ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ಹೆಚ್ಚಾದರೆ ಭಾಗಗಳು ಜಜ್ಜುತ್ತವೆ. ಅಮೆರಿಕದ ಸೈನ್ಯ 1936ರಲ್ಲಿ ಅಂಗೀಕರಿಸಿದ ಜಾನ್ ಗ್ಯಾರಂಡನ ರೈಫಲ್ಲಿನಲ್ಲಿ ಮೊದಲು ಈ ಅನಿಲವನ್ನು ನಳಿಗೆಯ ಬಾಯಿಯಲ್ಲಿ ಹಿಡಿಯುವ ಏರ್ಪಾಡಿತ್ತು. ಅದು ಸರಿಬಾರದೆ, ಕೆಲವೇ ವರ್ಷಗಳಲ್ಲಿ ರಂಧ್ರದ ಪದ್ಧತಿಗೆ ತಿರುಗಬೇಕಾಯಿತು.

ಅಗ್ಗದ ರೈಫಲ್ಲೆಂದರೆ ಅಮೆರಿಕದ ಹಳಬರಿಗೆ ಮೊದಲು ನೆನಪಾಗುವುದು ಎಸ್.ಕೆ.ಎಸ್. ಇದು ಸೋವಿಯತ್ ರಷ್ಯದ ಸೀಮನೋವನ ರಚನೆ, 1945ರದು. ಯುದ್ಧದ ಬಿಸಿಯಲ್ಲಿ ಹುಟ್ಟಿ, ಶೀಘ್ರದಲ್ಲಿಯೇ ಕಲಾಷ್ನಿಕೋವಿಗೆ ಸ್ಥಾನ ಬಿಟ್ಟುಕೊಟ್ಟಿತು. ಚೀನಾ ಅದನ್ನು ತಾನೂ ಅಪಾರವಾಗಿ ತಯಾರಿಸಿತು. 1980ರ ದಶಕದ ಕೊನೆಯಿಂದ, 1994ರಲ್ಲಿ ಚೀನಾದ ಆಯುಧಗಳ ಆಮದು ನಿಲ್ಲುವವರೆಗೆ, ಇವು ಅಮೆರಿಕದಲ್ಲಿ ನೂರು ಡಾಲರಿನ ಆಸುಪಾಸಿಗೆ ಮಾರಾಟವಾದವು. ಬೆಲೆ ಅಷ್ಟು ಇಳಿದದ್ದು ಕೆಲಸ ಕಳಪೆಯೆಂದಲ್ಲ. ಉಕ್ಕಿನ ಗಟ್ಟಿಯನ್ನು ಕೆತ್ತಿ ಮಾಡಿದ ಕೋವಿಯದು. ಸೈನ್ಯಕ್ಕೆ ಬೇಡವಾದ ಸರಕೆಂಬುದೇ ಅಗ್ಗದ ಕಾರಣ. ಹೀಗಾಗಿ ಬೆಲೆ ನೋಡಿ ಗುಣ ಅಳೆಯುವವನು ಇಲ್ಲಿ ಮೋಸಹೋಗುತ್ತಾನೆ.

ಇದರ ನೆಚ್ಚಿಕೆಗೆ ಬೀಜ ತೋಟಾದಲ್ಲಿಯೇ ಇದೆ. 7.62×39 ಮಿಲಿಮೀಟರಿನ ಆ ತೋಟಾ ಬುಡದಿಂದ ಮುಂದಕ್ಕೆ ಎದ್ದು ಕಾಣುವಂತೆ ಕಿರಿದಾಗುತ್ತದೆ. ಬೆಣೆಯ ಹಾಗೆ, ಒಂದು ಕೂದಲೆಳೆ ಹಿಂದೆ ಸರಿದರೆ ಸಾಕು, ಸುತ್ತಲಿನ ಗೋಡೆಯನ್ನು ಬಿಟ್ಟುಬಿಡುತ್ತದೆ. ಹತ್ತು ತೋಟಾಗಳ ಪೆಟ್ಟಿಗೆಯೂ ಕೋವಿಗೇ ಅಂಟಿಕೊಂಡದ್ದು. ಕಳಚುವ ಪೆಟ್ಟಿಗೆಗಳ ತುಟಿ ಬಾಗಿ ಹುಟ್ಟುವ ತಂಟೆಗಳು ಇಲ್ಲಿ ಇಲ್ಲ. ನಿಖರತೆಯಾದರೋ ಸಾಧಾರಣ: ನೂರು ಗಜದಲ್ಲಿ ಮೂರು ನಾಲ್ಕು ಅಂಗುಲದೊಳಗೆ ಗುಂಡುಗಳು ಬೀಳುವುದು ವಾಡಿಕೆ. ಇದಕ್ಕೆ ಎಷ್ಟೋ ಸಲ ಅಗ್ಗದ ತೋಟಾಗಳೇ ಹೊಣೆ. ದುರ್ಬೀನನ್ನು ಕೋವಿಯ ಮೇಲಣ ಮುಚ್ಚಳಕ್ಕೆ ಕಟ್ಟುವುದು ಇನ್ನೊಂದು ಕಾರಣ. ಆ ಮುಚ್ಚಳ ಶುಚಿ ಮಾಡಲು ತೆಗೆದಿಡುವಂಥದು. ಅದರ ಮೇಲೆ ಕೂತ ದುರ್ಬೀನು ಅಲುಗದೆ ಇರುವುದುಂಟೆ? ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಇದರ ಹೊಡೆಯುವ ಮೊಳೆಗೆ ಸಾಮಾನ್ಯವಾಗಿ ಹಿಂದೆಳೆಯುವ ಸ್ಪ್ರಿಂಗು ಇರುವುದಿಲ್ಲ. ದಾಸ್ತಾನಿನ ಗಟ್ಟಿ ಜಿಡ್ಡು ಬೋಲ್ಟಿನೊಳಗೆ ಉಳಿದು ಮೊಳೆ ಮುಂದಕ್ಕೆ ಸಿಕ್ಕಿಕೊಂಡರೆ, ಬೋಲ್ಟು ಮುಚ್ಚುವಾಗಲೇ, ಕುದುರೆ ಮುಟ್ಟದೆಯೇ, ಗುಂಡು ಹಾರಬಹುದು. ಕೊಂಡ ದಿನವೇ ಬೋಲ್ಟನ್ನು ಬಿಚ್ಚಿ ತೊಳೆಯದವನು ತನಗೂ ಪಕ್ಕದವನಿಗೂ ಅಪಾಯವನ್ನು ತಂದುಕೊಳ್ಳುತ್ತಾನೆ.

1970ರ ದಶಕದಲ್ಲಿ ಪೇಟೆಗೆ ಬಂದ ರೂಗರ್ ಮಿನಿ-14 ಇನ್ನೊಂದು ಬಗೆಯ ಅಗ್ಗ. ಗ್ಯಾರಂಡನ ವಂಶದ ಈ ಚಿಕ್ಕ ಕೋವಿಯ ಭಾಗಗಳನ್ನು ಮೇಣದ ಅಚ್ಚಿನ ಎರಕದಿಂದ ತಯಾರಿಸಿ ಖರ್ಚನ್ನು ಇಳಿಸಿದರು. ನಡೆಯುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರು. ಆದರೆ ಹಳೆಯ ಮಾದರಿಗಳ ನಳಿಗೆ ತೆಳು. ತಣ್ಣಗಿದ್ದಾಗ ಮೊದಲ ಕೆಲವು ಗುಂಡುಗಳು ಚೆನ್ನಾಗಿ ಬಿದ್ದರೂ, ಕಾದೊಡನೆ ನಳಿಗೆ ತುಸು ಬಾಗಿ ಗುಂಡುಗಳು ಒಂದು ಕಡೆಗೆ ಹರಿಯುತ್ತಿದ್ದುವು. ಸುಮಾರು 2005ರ ಮೇಲೆ ಹೊಸ ಉಪಕರಣಗಳಿಂದ ತಯಾರಾದವುಗಳಲ್ಲಿ ಈ ದೋಷ ಬಹಳಮಟ್ಟಿಗೆ ತಗ್ಗಿದೆ, ನೆಚ್ಚಿಕೆಯೇನೂ ಕುಗ್ಗಲಿಲ್ಲ. ಸಡಿಲಿಗೂ ಗುರಿಗೂ ಹುಟ್ಟುವೈರವೆನ್ನುವವರು ಇದನ್ನು ಗಮನಿಸಬೇಕು.

ಆ ವೈರವನ್ನು ನಿಜವಾಗಿ ಮುರಿದದ್ದು ಯೂಜೀನ್ ಸ್ಟೋನರನ ಎ.ಆರ್.-15. ಇಲ್ಲಿ ಬೋಲ್ಟಿನ ಬೀಗ ಕೋವಿಯ ಒಡಲಿಗೆ ಬೀಳದೆ, ನಳಿಗೆಯ ಹಿಂತುದಿಗೆ ತಿರುಪಿನಿಂದ ಕೂಡಿಸಿದ ಉಕ್ಕಿನ ಬಳೆಗೇ ಬೀಳುತ್ತದೆ. ಸಿಡಿತದ ಭಾರವೆಲ್ಲ ಬೋಲ್ಟು, ಬಳೆ, ನಳಿಗೆ ಈ ಮೂರರಲ್ಲಿಯೇ ಮುಗಿಯುವುದರಿಂದ ಒಡಲನ್ನು ಅಲ್ಯೂಮಿನಿಯಮ್ಮಿನಲ್ಲಿ ಸುಲಭವಾಗಿ ಮಾಡಬಹುದು. ಬಿಗಿಯಿರಬೇಕಾದ ಸ್ಥಳ ಸ್ವಲ್ಪವೇ. ಉಳಿದುದು ಸಡಿಲಾದರೂ ಗುರಿ ಕೆಡದು. ಈಚೆಗೆ ಹಲವಾರು ತಯಾರಕರು ಪೈಪೋಟಿಯಿಂದ ಅದನ್ನು ಅಗ್ಗವಾಗಿ ಮಾಡಬಲ್ಲವರಾದುದು ಹೀಗೆ.

ಆದರೂ ನೆಚ್ಚಿಕೆ ಕೋವಿಯೊಂದರಲ್ಲಿಯೇ ಇರುವುದಲ್ಲ. ಇದೇ ರಚನೆಯ ಸೈನಿಕ ರೂಪವಾದ ಎಂ16 1960ರ ದಶಕದ ನಡುವೆ ವಿಯಟ್ನಾಮಿಗೆ ಹೋದಾಗ, ತೋಟಾದ ಮದ್ದನ್ನು ಬದಲಾಯಿಸಿದ್ದರು. ತೋಟಾ ಕೂರುವ ಕೋಣೆಗೆ ಕ್ರೋಮಿಯಮ್ ಲೇಪವಿರಲಿಲ್ಲ. ಶುಚಿಗೊಳಿಸುವ ಸಾಮಗ್ರಿ ಎಲ್ಲರಿಗೂ ಸಿಕ್ಕಿರಲಿಲ್ಲ. ಖಾಲಿ ತೋಟಾಗಳು ಕೋಣೆಯಲ್ಲಿ ಕಚ್ಚಿಕೊಂಡುವು. ಕೆಟ್ಟುನಿಂತ ಕೋವಿಗಳನ್ನು ಹಿಡಿದು ಸೈನಿಕರು ಸತ್ತರು. 1967ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಒಂದು ಉಪಸಮಿತಿ ಇದನ್ನು ವಿಚಾರಿಸಿ ಸೈನ್ಯದ ಆಡಳಿತವನ್ನು ಕಟುವಾಗಿ ಆಕ್ಷೇಪಿಸಿತು. ಕೋಣೆಗೆ ಲೇಪ ಬಂದು, ಶುಚಿಯ ಶಿಕ್ಷಣ ನಡೆದ ಮೇಲೆ ಅದೇ ರೈಫಲ್ಲು ದಶಕಗಳ ಕಾಲ ಸೇವೆ ಸಲ್ಲಿಸಿತು.

ಇನ್ನು ಪರೀಕ್ಷೆಯ ಮಾತು. ಮೂರು ಗುಂಡು ಹಾರಿಸಿ, ಅವು ಒಂದಂಗುಲದೊಳಗೆ ಬಿದ್ದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಲೆಕ್ಕದ ಪ್ರಕಾರ, ಮೂರು ಗುಂಡಿನ ಗುಂಪು ಸರಾಸರಿ ಒಂದು ಅಂಗುಲವಾಗಿದ್ದರೆ, ಅದೇ ಕೋವಿಯಿಂದ ಹತ್ತು ಗುಂಡು ಹಾರಿಸಿದಾಗ ಗುಂಪು ಸರಾಸರಿ ಒಂದೂವರೆ ಅಂಗುಲ ದಾಟುತ್ತದೆ. ಕೋವಿ ಕೆಟ್ಟಿತೆಂದಲ್ಲ, ಮೂರು ಗುಂಡಿಗೆ ತನ್ನ ಚದುರನ್ನು ಪೂರ್ತಿ ತೋರಿಸುವ ಅವಕಾಶವಿರುವುದಿಲ್ಲ. ಮೂರು ಗುಂಡಿನ ಹಲವು ಗುಂಪುಗಳಲ್ಲಿ ಅತಿ ಚಿಕ್ಕದನ್ನೇ ಆರಿಸಿ ತೋರಿಸುವವನ ಮಾತನ್ನಂತೂ ಕೇಳಲೇಬೇಕಾಗಿಲ್ಲ. ಹತ್ತು ಹತ್ತು ಗುಂಡಿನ ಎರಡು ಮೂರು ಗುಂಪು, ಒಂದೇ ಬಗೆಯ ತೋಟಾ, ನಳಿಗೆ ಕಾದ ಮೇಲೂ ಒಂದು ಗುಂಪು, ಇಷ್ಟಾದರೆ ನಿಖರತೆ ತಕ್ಕಮಟ್ಟಿಗೆ ತಿಳಿಯುತ್ತದೆ.

ನೆಚ್ಚಿಕೆಯ ಪರೀಕ್ಷೆಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ಮುನ್ನೂರು ಗುಂಡು ಒಂದು ತಡೆಯೂ ಇಲ್ಲದೆ ಹಾರಿದರೂ, ಸಾಕಷ್ಟು ಧೈರ್ಯವಾಗಿ ಹೇಳಬಹುದಾದುದು ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪುವುದಿಲ್ಲ ಎಂಬಷ್ಟೇ. ಸಾವಿರಕ್ಕೆ ಒಂದು ಎನ್ನಬೇಕಾದರೆ ಮೂರು ಸಾವಿರ ಹಾರಿಸಬೇಕು; ಅಷ್ಟು ತೋಟಾಗಳ ಬೆಲೆ ಅಗ್ಗದ ರೈಫಲ್ಲಿನ ಬೆಲೆಯನ್ನು ಮೀರಿಹೋಗುವುದು ಸುಲಭ. ಅನುಭವಸ್ಥರು ಹಾಗಾಗಿ ತಾವು ಮುಂದೆ ಬಳಸಲಿರುವ ತೋಟಾವನ್ನೂ ಪೆಟ್ಟಿಗೆಗಳನ್ನೂ ಇಟ್ಟುಕೊಂಡೇ ಕೆಲವು ನೂರು ಗುಂಡು ಹಾರಿಸಿ, ಪ್ರತಿಯೊಂದು ತಡೆಯೂ ಯಾವ ಪೆಟ್ಟಿಗೆಯಲ್ಲಿ ಆಯಿತೆಂಬುದನ್ನು ಗುರುತುಹಾಕಿಕೊಳ್ಳುತ್ತಾರೆ. ಪೆಟ್ಟಿಗೆ ಬದಲಾಯಿಸಿದೊಡನೆ ತೊಡಕು ಮಾಯವಾಗುವುದು ಅಪರೂಪವಲ್ಲ.