ಕೊಡಗಿನ ಕೋವಿ ವಿನಾಯಿತಿ: ಪೂರ್ವಪಕ್ಷ ಮತ್ತು ಪ್ರತಿವಾದ

ಭಾರತದ ಸಂವಿಧಾನದಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. 1959ರ ಆಯುಧ ಅಧಿನಿಯಮದ 3ನೆಯ ಪ್ರಕರಣದಂತೆ ಕೋವಿ ಹೊಂದಲು ಪರವಾನಗಿ ಬೇಕು. ಆದರೆ 41ನೆಯ ಪ್ರಕರಣವು ಸಾರ್ವಜನಿಕ ಹಿತದೃಷ್ಟಿಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಇದರ ಅನ್ವಯ 1963ರ ಅಧಿಸೂಚನೆಯು ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ನೀಡಿತು. 2019ರ ಅಕ್ಟೋಬರ್ 29ರ ಅಧಿಸೂಚನೆ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅವಧಿ ಮುಗಿಯುವಾಗ ಈ ಚರ್ಚೆ ಮತ್ತೆ ಏಳುವುದು ಸಹಜ. ಆಗ ಆವೇಶಕ್ಕಿಂತ ಆಧಾರ ಮುಖ್ಯವಾಗಬೇಕಾದರೆ ಎದುರು ವಾದವನ್ನು ಅಭ್ಯಸಿಸುವ ಕ್ರಮ ಸ್ಪಷ್ಟವಾಗಬೇಕು.

ಪೂರ್ವಪಕ್ಷದ ನಿರೂಪಣೆ

ನಮ್ಮ ಶಾಸ್ತ್ರ ಪರಂಪರೆಯಲ್ಲಿ ಸಿದ್ಧಾಂತಕ್ಕೆ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವುದು ವಾಡಿಕೆ. ವಿನಾಯಿತಿಯನ್ನು ವಿರೋಧಿಸುವವರ ವಾದದಲ್ಲಿ ಮೂರು ಎಳೆಗಳಿವೆ. ಒಂದು, ಹುಟ್ಟು ಮತ್ತು ಭೂಹಿಡುವಳಿಯ ಆಧಾರದ ಸೌಲಭ್ಯವು ಸಮಾನತೆಯನ್ನು ಸಾರುವ 14 ಮತ್ತು 15ನೆಯ ಅನುಚ್ಛೇದಗಳಿಗೆ ಹೊಂದುವುದಿಲ್ಲ. ಅದೇ ಜಿಲ್ಲೆಯ ಭೂಹೀನ ಕಾರ್ಮಿಕನಿಗೆ ಪರವಾನಗಿ ಬೇಕು, ನೆರೆಯ ಜಮ್ಮಾದಾರನಿಗೆ ಬೇಡ. ಎರಡು, ಇದು ವಸಾಹತು ಆಳ್ವಿಕೆ ತನ್ನ ನಿಷ್ಠರಿಗೆ ಕೊಟ್ಟ ಬಹುಮಾನ. ಮೂರು, ಸೈನಿಕ ಸೇವೆಯ ಹೊಣೆಯೇ ಇಲ್ಲವಾದ ಮೇಲೆ ಜಮ್ಮಾ ಹಿಡುವಳಿಯ ಮೇಲೆ ನಿಂತ ಸೌಲಭ್ಯಕ್ಕೆ ನೆಲೆಯಿಲ್ಲ.

ಚಾರಿತ್ರಿಕ ಆಕರಗಳ ಪರಿಶೀಲನೆ

ಎರಡನೆಯ ವಾದಕ್ಕೆ ದಾಖಲೆಯ ಬಲವಿದೆ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. 1857ರ ದಂಗೆಯ ನಂತರ ನಿರಾಯುಧೀಕರಣದ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರುವರಿಯಲ್ಲಿ ಹೊರಡಿಸಿದ ಆದೇಶವು ಕೊಡವರ ನಿಷ್ಠೆ ಮತ್ತು ಶೌರ್ಯವನ್ನು ಕಾರಣವಾಗಿ ಹೇಳಿ ಅವರನ್ನು ಅದರಿಂದ ಹೊರಗಿಟ್ಟಿತು. ಇದನ್ನು ಮುಚ್ಚಿಟ್ಟು ಕಟ್ಟುವ ಪ್ರತಿವಾದ ನಿಲ್ಲದು.

ಆದರೆ ನಿಷ್ಠೆಯೊಂದೇ ಕೊಡಗಿನ ಚರಿತ್ರೆಯಲ್ಲ. 1837ರ ದಂಗೆಯನ್ನು ಅಡಗಿಸಲು ಕೊಡವರಲ್ಲಿ ಅನೇಕರು ಕಂಪನಿಗೆ ನೆರವಾದರು; ಅದೇ ದಂಗೆಗಾಗಿ ಗುಡ್ಡೆಮನೆ ಅಪ್ಪಯ್ಯ ಗೌಡ ಮಡಿಕೇರಿಯಲ್ಲಿ ಗಲ್ಲಿಗೇರಿದರು. ಇದಲ್ಲದೆ, ಸೇವೆಗೆ ಪ್ರತಿಯಾಗಿ ಭೂಮಿ ಅನುಭವಿಸುವ ಜಮ್ಮಾ ಪದ್ಧತಿ ಹಾಲೇರಿ ಅರಸರ ಕಾಲದಲ್ಲೇ ಇತ್ತು. ಹೀಗಾಗಿ ಕಬ್ಬನ್ನರ ಆದೇಶ ಆಯುಧ ಸಂಪ್ರದಾಯವನ್ನು ಸೃಷ್ಟಿಸಲಿಲ್ಲ. ಇದ್ದುದಕ್ಕೆ ಮನ್ನಣೆ ನೀಡಿತು. ಕೈಲ್ ಪೊಳ್ದ್ ಹಬ್ಬದ ಆಯುಧಪೂಜೆ, ಪುತ್ತರಿಯಲ್ಲಿ ಕದಿರು ತೆಗೆಯುವಾಗಿನ ಗುಂಡು, ಸಾವಿನ ಸುದ್ದಿ ಸಾರುವ ಜೋಡಿ ಗುಂಡು ಇವು ಕೋವಿಯನ್ನು ಆಚರಣೆಯ ವಸ್ತುವಾಗಿಸಿವೆ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಮತ್ತು ಎಂ.ಎನ್. ಶ್ರೀನಿವಾಸರ 1952ರ ಅಧ್ಯಯನ ಇಂಥ ಆಚರಣೆಗಳ ಪರಿಶೀಲನೆಗೆ ಮುಖ್ಯ ಆಕರಗಳು. ರಿಕ್ಟರನ ಕೊಡಗು ಕೈಪಿಡಿಯಂತಹ (1870) ವಸಾಹತು ಬರಹಗಳನ್ನು ಬಳಸುವಾಗ ಮಾತ್ರ, ‘ಯೋಧ ಜನಾಂಗ’ ಎಂಬ ವರ್ಗೀಕರಣ ಆಳುವವರಿಗೆ ಅನುಕೂಲಕರವಾಗಿತ್ತೆಂಬುದನ್ನು ಮರೆಯಬಾರದು.

ನ್ಯಾಯಾಲಯದ ನಿಲುವು

ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್‌ನಲ್ಲಿ ವಜಾಗೊಳಿಸಿತು. ಸಮುದಾಯದ ಯೋಧ ಪರಂಪರೆ, ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ರೂಢಿ ಮತ್ತು ವಿನಾಯಿತಿಗಿರುವ ಕಾಲಮಿತಿ ತೀರ್ಪಿನ ಆಧಾರಗಳು. ಇದನ್ನು ಉದ್ಧರಿಸುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ವರ್ಗೀಕರಣ ಸಂವಿಧಾನಬದ್ಧ ಎಂದರೆ ಅದು ಹಕ್ಕಾಯಿತೆಂದು ಅರ್ಥವಲ್ಲ. ಸರ್ಕಾರ ಕೊಟ್ಟ ವಿನಾಯಿತಿಯನ್ನು ಸರ್ಕಾರವೇ ಬದಲಿಸಬಹುದು. ಆದುದರಿಂದ ‘ಕೋವಿ ಹಕ್ಕು’ ಎಂಬ ರೂಢಿಯ ಮಾತು ಕಾನೂನಿನ ದೃಷ್ಟಿಯಿಂದ ಸಡಿಲವಾದುದು.

ಅಂಕಿಅಂಶಗಳ ಎಚ್ಚರ

ಕೊಡಗಿನಲ್ಲಿ ಕೋವಿಯ ದುರುಪಯೋಗ ವಿರಳ ಎಂಬುದು ಪರವಾದಿಗಳ ಮುಖ್ಯ ವಾದ. ಕೊಲೆ ಪ್ರಕರಣಗಳ ಎಣಿಕೆಯಷ್ಟೇ ಇದಕ್ಕೆ ಸಾಲದು. ಆತ್ಮಹತ್ಯೆ, ಆಕಸ್ಮಿಕ, ಅಕ್ರಮ ಬೇಟೆಗಳನ್ನೂ, ವಿನಾಯಿತಿಯ ಮತ್ತು ಪರವಾನಗಿಯ ಕೋವಿಗಳನ್ನೂ ಪ್ರತ್ಯೇಕಿಸಿ ನೋಡಬೇಕು.

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. ಆರಂಭಿಕ ಅಮೆರಿಕದಲ್ಲಿ ಕೋವಿಗಳು ವಿರಳವಾಗಿದ್ದವೆಂದು 2000ದಲ್ಲಿ ವಾದಿಸಿದ ಮೈಕಲ್ ಬೆಲ್ಲೆಸೈಲ್ಸ್‌ರ ಗ್ರಂಥ ಬ್ಯಾಂಕ್ರಾಫ್ಟ್ ಪ್ರಶಸ್ತಿ ಪಡೆಯಿತು. ಜೇಮ್ಸ್ ಲಿಂಡ್‌ಗ್ರೆನ್ ಮೊದಲಾದವರು ಮೃತರ ಆಸ್ತಿಪಟ್ಟಿಗಳನ್ನು ಮರುಪರಿಶೀಲಿಸಿದಾಗ ಗಂಭೀರ ದೋಷಗಳು ಕಂಡವು. 2002ರಲ್ಲಿ ಪ್ರಶಸ್ತಿ ರದ್ದಾಯಿತು. ಇನ್ನೊಂದು ಬದಿಯಲ್ಲಿ, ಕೋವಿ ಹೆಚ್ಚಿದರೆ ಅಪರಾಧ ತಗ್ಗುತ್ತದೆಂಬ ಜಾನ್ ಲಾಟ್‌ರ 1998ರ ಗ್ರಂಥದ ವಾದವೂ ವಿವಾದಕ್ಕೊಳಗಾಯಿತು. ಕೋವಿ ಒಯ್ಯಲು ಅವಕಾಶ ನೀಡುವ ಕಾನೂನುಗಳು ಅಪರಾಧವನ್ನು ಹೆಚ್ಚಿಸುತ್ತವೆಯೋ ತಗ್ಗಿಸುತ್ತವೆಯೋ ಎಂಬುದನ್ನು ಲಭ್ಯ ಸಾಕ್ಷ್ಯ ನಿರ್ಧರಿಸದೆಂದು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2004ರಲ್ಲಿ ಹೇಳಿತು. ಎರಡೂ ಪಕ್ಷಗಳು ಎದುರಾಳಿಯ ಆಕರವನ್ನು ಪರೀಕ್ಷಿಸಿದಷ್ಟೇ ನಿಷ್ಠುರವಾಗಿ ತಮ್ಮದನ್ನೂ ಪರೀಕ್ಷಿಸಬೇಕೆಂಬುದೇ ಇದರ ಸಾರ.

ಉಪಸಂಹಾರ

ಚಾರಿತ್ರಿಕ ಮೂಲ, ಕಾನೂನಿನ ಸಿಂಧುತ್ವ, ಇಂದಿನ ಪರಿಣಾಮ ಇವು ಮೂರು ಬೇರೆ ಪ್ರಶ್ನೆಗಳು; ಒಂದರ ಉತ್ತರ ಮತ್ತೊಂದಕ್ಕೆ ಸಲ್ಲದು. ಮೂಲ ವಸಾಹತುಶಾಹಿ ಎಂಬ ಕಾರಣದಿಂದ ವಿನಾಯಿತಿ ಅಸಿಂಧುವಾಗದು. ಪರಂಪರೆ ಪ್ರಾಚೀನ ಎಂಬ ಕಾರಣದಿಂದ ಭೂಹೀನನ ಸಮಾನತೆಯ ಪ್ರಶ್ನೆಗೆ ಉತ್ತರ ದೊರೆಯದು. ಈ ಕೊನೆಯ ಪ್ರಶ್ನೆಯೇ ಪರವಾದಿಗಳು ಎದುರಿಸಬೇಕಾದ ಅತ್ಯಂತ ಬಲವಾದ ಪೂರ್ವಪಕ್ಷ. 2029ಕ್ಕೆ ಮುನ್ನ ಜಮ್ಮಾ ದಾಖಲೆಗಳ, ಜಿಲ್ಲಾಡಳಿತದ ಕಡತಗಳ ಮತ್ತು ಮೌಖಿಕ ಆಕರಗಳ ಕ್ರಮಬದ್ಧ ಅಧ್ಯಯನ ನಡೆದರೆ, ಯಾವ ತೀರ್ಮಾನಕ್ಕೆ ಬಂದರೂ ಅದು ಸಾಕ್ಷ್ಯದ ಬಲದಿಂದ ಬಂದುದಾಗಿರುತ್ತದೆ.