ಪಿಎಫ್ ಕಂಪನಿಯ ಉಡುಗೊರೆಯಲ್ಲ

ಎಚ್ಆರ್ ಎಂದರೆ ಕೆಲಸಕ್ಕೆ ಸೇರಿಸಿಕೊಳ್ಳುವವರು, ಬೇಡವಾದಾಗ ಕಳಿಸುವವರು ಎಂದು ಬಹಳ ಜನ ತಿಳಿದಿದ್ದಾರೆ. ನೇಮಕಾತಿ ಆ ಕೆಲಸದ ಬಾಗಿಲು ಮಾತ್ರ. ಒಳಗೆ ಬಂದವರ ಹಾಜರಿ, ರಜೆ, ಸಂಬಳ, ತರಬೇತಿ, ಬಡ್ತಿ, ದೂರು ಎಲ್ಲವೂ ವರ್ಷಪೂರ್ತಿ ನಡೆಯಬೇಕು. 1948ರ ಕಾರ್ಖಾನೆ ಕಾಯ್ದೆ 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯ ಮಾಡಿತ್ತು. ಆ ಹುದ್ದೆಯ ಹೆಸರಿನಲ್ಲಿದ್ದ ಕಾಳಜಿಯನ್ನು ಇಂದಿನ ಎಚ್ಆರ್ ಬಿಟ್ಟುಕೊಡಬಾರದು.

ಇನ್ನೊಂದು ನಂಬಿಕೆ, ಪಿಎಫ್ ಕಂಪನಿ ಪ್ರೀತಿಯಿಂದ ಕೊಡುವ ಹಣ ಎಂಬುದು. ಅಲ್ಲ. ನೌಕರರ ವೇತನದಿಂದ ಶೇ. 12 ಕಡಿತವಾದರೆ, ಅಷ್ಟನ್ನೇ ಮಾಲೀಕರೂ ಕಟ್ಟಬೇಕು. ಮಾಲೀಕರ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಇದು ದುಡಿಮೆಯದೇ ಹಣ ಎಂಬುದನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಷ್ಟು ಗಟ್ಟಿಯಾಗಿ ಹೇಳಿದವರಿಲ್ಲ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ಮಕ್ಕಳ ಫೀಸಿಗೋ ಸಾಲ ತೀರಿಸಲಿಕ್ಕೋ ಆ ದುಡ್ಡನ್ನೇ ನೆಚ್ಚಿಕೊಂಡವರಿಗೆ ನಿಯಮ ಬದಲಾದಾಗ ಅವರ ಭಾಷೆಯಲ್ಲಿ ತಿಳಿಸಿ ಹೇಳುವುದು ಎಚ್ಆರ್‌ನ ಮೊದಲ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಸಂಬಳದ ಸ್ಲಿಪ್ಪಿನಲ್ಲಿ ಕಡಿತ ಕಂಡ ಮಾತ್ರಕ್ಕೆ ಪಿಎಫ್ ಹಣ ಜಮೆಯಾಯಿತು ಎಂದೂ ಅಲ್ಲ. ಮುಂದಿನ ತಿಂಗಳ 15ರೊಳಗೆ ಅದನ್ನು ಕಟ್ಟಬೇಕು. ನಿಮ್ಮ ಪಿಎಫ್ ಖಾತೆಯ ಸಂಖ್ಯೆಯಾದ ಯುಎಎನ್ ಹಾಕಿ ಪಾಸ್‌ಬುಕ್ ನೋಡಿಕೊಳ್ಳಿ.

ಗ್ರಾಚ್ಯುಟಿ ನಿವೃತ್ತರಿಗೆ ಮಾತ್ರ ಎನ್ನುವುದೂ ತಪ್ಪು. 10 ಮಂದಿ ದುಡಿಯುವ ಸಂಸ್ಥೆಯಲ್ಲೂ ಅದು ಅನ್ವಯಿಸುತ್ತದೆ. ಐದು ವರ್ಷ ನಿರಂತರ ದುಡಿದ ಕಾಯಂ ನೌಕರರು ರಾಜೀನಾಮೆ ಕೊಟ್ಟು ಹೊರಟರೂ ಸಿಗುತ್ತದೆ. ನೌಕರರು ತೀರಿಕೊಂಡರೆ ಆ ಐದು ವರ್ಷದ ಷರತ್ತೂ ಇಲ್ಲ. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಇದ್ದರೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ. ವರ್ಷಕ್ಕೆ 15,000, ಹತ್ತು ವರ್ಷಕ್ಕೆ ಒಂದೂವರೆ ಲಕ್ಷ.

ಲೈಂಗಿಕ ಕಿರುಕುಳದ ದೂರನ್ನು ಎಚ್ಆರ್ ಮ್ಯಾನೇಜರೇ ಕರೆದು ಮಾತಾಡಿ ಮುಗಿಸಬಹುದು ಎಂದು ಕೆಲವು ಕಚೇರಿಗಳು ಇನ್ನೂ ಅಂದುಕೊಂಡಿವೆ. 2013ರ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿಲ್ಲ. 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆಯಾಗಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.